ಬಿಲ್ಲೆ ಮುಚ್ಚದ ಭಾವ

ಜರ್ಮನಿಯ ಕಲೋನ್ ಊರಿನ ಹಳೇ ಪಬ್‌ಗಳಲ್ಲಿ ಮೊದಲ ಗ್ಲಾಸ್ ಮುಗಿದ ಮೇಲೆ ಬಿಯರ್ ಕೇಳಬೇಕಾಗಿಲ್ಲ. ತಾನಾಗಿಯೇ ಬರುತ್ತದೆ. ಅಲ್ಲಿನ ಬಿಯರ್ ಹೆಸರು ಕೋಲ್ಶ್. ಗ್ಲಾಸು ಸಣಕಲು, ಹಿಡಿಸುವುದು ಬರೀ 200 ಮಿಲಿ. ಕ್ಯೋಬೆಸ್ ಎಂದು ಕರೆಸಿಕೊಳ್ಳುವ ಮಾಣಿ ನೀಲಿ ಏಪ್ರನ್ ಕಟ್ಟಿಕೊಂಡು, ದುಂಡು ತಟ್ಟೆಯಲ್ಲಿ ಗ್ಲಾಸುಗಳನ್ನು ಸಿಕ್ಕಿಸಿಕೊಂಡು ತಿರುಗುತ್ತಿರುತ್ತಾನೆ. ಖಾಲಿ ಗ್ಲಾಸ್ ಕಂಡರೆ ತುಂಬಿದ್ದನ್ನು ಇಟ್ಟು, ಅಡಿಯ ರಟ್ಟಿನ ಬಿಲ್ಲೆ ಮೇಲೆ ಪೆನ್ಸಿಲಿನಲ್ಲಿ ಗೀಟೆಳೆದು ಹೋಗುತ್ತಾನೆ. ಸಾಕಾದರೆ ಆ ಬಿಲ್ಲೆಯನ್ನು ಗ್ಲಾಸಿನ ಬಾಯಿಗೆ ಮುಚ್ಚಬೇಕು.

ಭಾವನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ರೈಲಿನಲ್ಲಿ ಕಿಟಕಿ ಸೀಟು ಕೊನೇವರೆಗೂ ಬಿಟ್ಟುಕೊಡದವರಿಗೆ ಎಲ್ಲವನ್ನೂ ಯಾಕೆ ಹೇಳಬೇಕು, ಅಲ್ವಾ?

"ಎಂಥಾ ಜನ ನೋಡೋ! ಕೇಳದೇನೇ ಕೊಡ್ತಾರೆ," ಎಂದರು ಭಾವ. ಎದುರಿಗಿಟ್ಟದ್ದನ್ನು ಬಿಡುವುದು ಅವರ ಪ್ರಕಾರ ಮರ್ಯಾದೆಯಲ್ಲ. ಕುಡಿದರು. ಇನ್ನೊಂದು ಬಂತು. ಬಿಲ್ಲೆಯ ಅಂಚಿನ ಸುತ್ತ ಗೀಟುಗಳು ಬೆಳೆದವು. ಕೊನೆಗೆ ಎರಡೂ ಕೈ ಆಡಿಸಿ "ಸಾಕು, ಸಾಕು" ಎಂದರು. ಕ್ಯೋಬೆಸ್ ಕೈ ನೋಡುವುದಿಲ್ಲ, ಗ್ಲಾಸ್ ನೋಡುತ್ತಾನೆ. ಮತ್ತೊಂದು ಇಟ್ಟ. ಸೋತು ನೀರು ಕೇಳಿದರೆ, "ಜೊತೆಗೆ ಸೋಪು, ಟವೆಲ್ಲೂ ತರಲಾ?" ಎಂದ, ಮುಖದಲ್ಲಿ ನಗುವೇ ಇಲ್ಲ. ಗಿರಾಕಿಯ ಕಾಲೆಳೆಯುವುದು ಅವರಿಗೆ ಕೆಲಸದ ಭಾಗವೇ. ಅದು ಭಾವನಿಗೆ ಹೇಗೆ ಗೊತ್ತಾಗಬೇಕು? ಬಿಲ್ ಬಂದಾಗಲಂತೂ ಗೀಟುಗಳನ್ನು ಬೆರಳಿಟ್ಟು ಎಣಿಸಿದರು. ಲೆಕ್ಕ ಸರಿ ಇತ್ತು, ಅದೇ ಅವರ ಬೇಜಾರು.

ಹಾಗಾಗಿ ಮ್ಯೂನಿಕ್‌ನ ಬಿಯರ್ ಗಾರ್ಡನ್‌ನಲ್ಲಿ ಭಾವ ಮೊದಲೇ ಹುಷಾರಾಗಿ ಕೂತರು. ಯಾರೂ ಬರಲಿಲ್ಲ. ಎಷ್ಟು ಹೊತ್ತಾದರೂ ಬರಲಿಲ್ಲ! ಬರೀ ಮೇಜಾದರೆ ನಾವೇ ಎದ್ದು ಹೋಗಿ ತಂದುಕೊಳ್ಳಬೇಕು, ಬಟ್ಟೆ ಹಾಸಿದ ಮೇಜಿಗೆ ಮಾತ್ರ ತಂದುಕೊಡುತ್ತಾರೆ. ಇದನ್ನು ಹೇಳಿದ್ದೇ ತಡ, ಬಟ್ಟೆ ಮೇಜಿಗೆ ಹಾರಿ, ಚೀಲದಿಂದ ಬ್ರೆಡ್ಡು, ಚೀಸ್ ಬಿಚ್ಚಿದರು. ಸರ್ವ್ ಮಾಡುವ ಹೆಂಗಸು ಬರೀ ಮೇಜಿನ ಕಡೆ ಬೆರಳು ತೋರಿಸಿದರು. ಸ್ವಂತ ಬುತ್ತಿ ತಿನ್ನಬಹುದು, ಆದರೆ ಅಲ್ಲಿ.

ಬುತ್ತಿಯ ಈ ಹಕ್ಕಿಗೆ ರಾಜನ ಆಜ್ಞೆಯ ಹಿನ್ನೆಲೆ ಇದೆ. ಹಿಂದೆ ಬಿಯರ್ ತಯಾರಕರು ನೆಲಮಾಳಿಗೆ ತಂಪಾಗಿರಲಿ ಎಂದು ಮೇಲೆ ಚೆಸ್ಟ್‌ನಟ್ ಮರ ನೆಟ್ಟರು. ಜನ ಆ ನೆರಳಿಗೇ ಬಂದು ಕೂತು ಕುಡಿಯತೊಡಗಿದರು. ಊರಿನ ಹೋಟೆಲಿನವರು ಹೊಟ್ಟೆ ಉರಿದುಕೊಂಡು ದೂರು ಕೊಟ್ಟರು. 1812ರಲ್ಲಿ ಮ್ಯೂನಿಕ್ ಇರುವ ಬವೇರಿಯಾದ ರಾಜ ಮೊದಲನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ರಾಜಿ ಮಾಡಿದ: ತಯಾರಕರು ಬಿಯರ್ ಮಾರಲಿ, ಬ್ರೆಡ್ ಮಾರಲಿ, ಬೇರೆ ಊಟ ಬೇಡ. ಜನ ಸುಮ್ನೆ ಮನೆಯಿಂದಲೇ ಕಟ್ಟಿಕೊಂಡು ಬಂದರು.

ಬರೀ ಮೇಜಿಗೆ ವಾಪಸಾಗಿ, ಕ್ಯೂ ನಿಂತು, ಮಗ್ಗಿಗೂ ಡೆಪಾಸಿಟ್ ಕಟ್ಟಿ ಭಾವ ಬಿಯರ್ ತಂದರು. ಇಲ್ಲಿ ಒಂದು ಮಗ್ ಅಂದರೆ ಪೂರಾ ಒಂದು ಲೀಟರ್. ಮೇಲೆ ದಪ್ಪ ಗಾಜಿನ ಭಾರ. ಪಕ್ಕದ ಅಜ್ಜಿ ಒಂದೇ ಕೈಯಲ್ಲಿ ಎತ್ತಿ "ಪ್ರೋಸ್ಟ್" ಎಂದರು. ಮಗ್ ತಾಗಿಸುವಾಗ ಎದುರಿನವರ ಕಣ್ಣನ್ನೇ ನೋಡಬೇಕು ಅಂತ ಈ ಸಲ ನಾನೇ ಮುಂಚಿತವಾಗಿ ಹೇಳಿಕೊಟ್ಟಿದ್ದೆ. ಭಾವ ಅಜ್ಜಿಯ ಕಣ್ಣನ್ನೇ ನೋಡಿದರು, ಮಗ್ ನೋಡಲಿಲ್ಲ. ಚೀಸಿಗೆ ಅಭಿಷೇಕವಾಯಿತು.