ಖಾಕಿ ಬಿಚ್ಚಿಟ್ಟು ವಿಧಾನಸಭೆಗೆ ಬರುವವರಿಗೆ

ನಮ್ಮಪ್ಪ ಹೆಡ್ ಕಾನ್‌ಸ್ಟೆಬಲ್. ಕೊನೆಯ ಕೆಲವು ವರ್ಷ ಸ್ಟೇಷನ್ ರೈಟರ್ ಆಗಿದ್ದರು. ಆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿಯ ಹಿಂದೆ ಒಂದು ಮರದ ಫಲಕ ಇತ್ತು. ಹೆಸರು, ಇಂದ, ವರೆಗೆ ಅಂತ ಮೂರು ಸಾಲು. ಬುತ್ತಿ ಕೊಡಲು ಹೋದಾಗೆಲ್ಲ ನಾನು ಅದನ್ನೇ ಓದುತ್ತಾ ನಿಲ್ಲುತ್ತಿದ್ದೆ. ಮೇಲಿನ ಹಳೇ ಹೆಸರುಗಳ ಮುಂದೆ ಎರಡು ವರ್ಷ, ಮೂರು ವರ್ಷ. ಕೆಳಗೆ ಬರಬರುತ್ತ ಏಳು ತಿಂಗಳು, ಐದು ತಿಂಗಳು. ಒಬ್ಬರದು ಬರೀ ನಲವತ್ತು ದಿನ.

ಆ ನಲವತ್ತು ದಿನದ ಸಾಹೇಬರು ಹೊರಟಾಗ ನಾನು ಅಲ್ಲೇ ಇದ್ದೆ. ಹೆಂಡತಿ ಮಕ್ಕಳನ್ನು ಇನ್ನೂ ಕರೆಸಿಕೊಂಡಿರಲಿಲ್ಲ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಷ್ಟೇ ಸಾಮಾನು. ಅಪ್ಪ ಜೀಪಿನವರೆಗೂ ಹೋಗಿ ಸೆಲ್ಯೂಟ್ ಹೊಡೆದು ಬಂದು, "ಎಮ್ಮೆಲ್ಲೆ ಲೆಟರ್ ಬಂತು ಮಗಾ" ಅಂದರು. ಮತ್ತೆ ರಿಜಿಸ್ಟರ್ ಬರೆಯೋಕೆ ಕೂತರು.

ದೊಡ್ಡ ಪೊಲೀಸ್ ಅಧಿಕಾರಿ ಚುನಾವಣೆಗೆ ನಿಂತರು ಅಂತ ಸುದ್ದಿ ಬಂದಾಗಲೆಲ್ಲ ನನಗೆ ನೆನಪಾಗೋದು ಆ ಫಲಕ. ನಮ್ಮ ಬೆಂಗಳೂರಿನ ಕಮಿಷನರ್ ಆಗಿದ್ದ ಸಾಂಗ್ಲಿಯಾನ 2004ರಲ್ಲಿ ಜಾಫರ್ ಷರೀಫ್ ಅವರಂಥ ಹಿರಿಯರನ್ನೇ ಸೋಲಿಸಿ ಲೋಕಸಭೆಗೆ ಹೋದರು. 2008ರ ವಿಶ್ವಾಸಮತದಲ್ಲಿ ಪಕ್ಷದ ವಿಪ್ (ಹೀಗೇ ಮತ ಹಾಕಿ ಅನ್ನುವ ಆದೇಶ) ಮೀರಿ ಮತ ಹಾಕಿ ಉಚ್ಚಾಟನೆಗೊಂಡರು. ಬಿಹಾರದ ಡಿಜಿಪಿ, ಅಂದರೆ ರಾಜ್ಯ ಪೊಲೀಸ್ ಮುಖ್ಯಸ್ಥ ಆಗಿದ್ದ ಗುಪ್ತೇಶ್ವರ ಪಾಂಡೆ 2020ರಲ್ಲಿ ಸ್ವಯಂನಿವೃತ್ತಿ ಪಡೆದು ಪಕ್ಷ ಸೇರಿದರೂ ಟಿಕೆಟ್ಟೇ ಸಿಗಲಿಲ್ಲ. ಕಾನ್ಪುರದ ಮೊದಲ ಪೊಲೀಸ್ ಕಮಿಷನರ್ ಅಸೀಮ್ ಅರುಣ್ 2022ರ ಜನವರಿಯಲ್ಲಿ ಕೆಲಸ ಬಿಡುವುದಾಗಿ ಹೇಳಿದರು, ಮಾರ್ಚ್‌ನಲ್ಲಿ ಕನೌಜ್‌ನ ಶಾಸಕರಾದರು, ಆಮೇಲೆ ಮಂತ್ರಿಯೂ ಆದರು. ಈ ಅವಸರ ನನಗೆ ಸರಿ ಕಾಣುವುದಿಲ್ಲ. ನಿವೃತ್ತ ಐಪಿಎಸ್ ಅಧಿಕಾರಿ ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಚುನಾವಣೆಗೆ ನಿಲ್ಲೋಕೆ ಒಂದು ದಿನವೂ ಕಾಯಬೇಕಿಲ್ಲ.

ಆದರೂ ಅವರು ಬರಲೇಬಾರದು ಅನ್ನುವವಳಲ್ಲ ನಾನು. ಬರಲಿ. ಠಾಣೆ ಒಳಗಿನಿಂದ ಹೇಗಿರುತ್ತೆ ಅಂತ ಗೊತ್ತಿರುವವರು ಸದನದಲ್ಲಿ ಎಷ್ಟು ಜನ ಇದ್ದಾರೆ? ಬಂದೋಬಸ್ತಿಗೆ ಹೋದ ಕಾನ್‌ಸ್ಟೆಬಲ್ ಎರಡು ದಿನ ಅದೇ ಬಟ್ಟೆಯಲ್ಲಿರುತ್ತಾನೆ, ಮಹಿಳಾ ಸಿಬ್ಬಂದಿ ಶೌಚಾಲಯ ಸಿಗೋದಿಲ್ಲ ಅಂತ ನೀರೇ ಕುಡಿಯೋದಿಲ್ಲ. ಇದನ್ನೆಲ್ಲ ಫೈಲ್ ನೋಡದೆ ಹೇಳಬಲ್ಲವರು ಇವರೇ.

ನನ್ನ ತಕರಾರು ಠಾಣೆಗೆ ಯಾರನ್ನು ಹಾಕಬೇಕು, ಯಾರನ್ನು ಎತ್ತಬೇಕು ಅಂತ ಶಿಫಾರಸು ಬರೆಯುವ ಆ ಎಮ್ಮೆಲ್ಲೆ ಲೆಟರ್‌ಹೆಡ್ ಬಗ್ಗೆ. ಎಸ್ಪಿಯೋ ಕಮಿಷನರೋ ಆಗಿದ್ದಾಗ ಅದೇ ಶಿಫಾರಸು ಪತ್ರ ಇವರ ಟೇಬಲ್ ಮೇಲೆ ಬಂದು ಬೀಳುತ್ತಿತ್ತು. ಒಳ್ಳೆಯ ಇನ್ಸ್‌ಪೆಕ್ಟರ್‌ನನ್ನು ಉಳಿಸಿಕೊಳ್ಳಲಾಗದೆ ಒಳಗೊಳಗೇ ಕುದ್ದಿರುತ್ತಾರೆ. ಈಗ ಆ ಲೆಟರ್‌ಹೆಡ್ ಮೇಲೆ ಇವರದೇ ಹೆಸರು. ಕಾರ್ಯಕರ್ತರು ಬೆಳಗ್ಗೆ ಏಳಕ್ಕೇ ಬಂದು ಬಾಗಿಲಲ್ಲಿ ನಿಂತು, "ಸಾರ್, ನಮ್ಮ ಠಾಣೆಗೆ ನಮ್ಮವರನ್ನೇ ಹಾಕಿಸಿ" ಅಂತಾರೆ. ಆಗ ಇವರು ಏನು ಮಾಡ್ತಾರೆ ಅನ್ನೋದರ ಮೇಲೇ ನಾನು ಇವರನ್ನು ಅಳೆಯೋದು. ಸದನದ ಭಾಷಣದ ಮೇಲಲ್ಲ, ಹಿಂದಿನ ಎನ್‌ಕೌಂಟರ್ ಕಥೆಗಳ ಮೇಲಂತೂ ಅಲ್ಲವೇ ಅಲ್ಲ.

ಪೊಲೀಸ್ ಸುಧಾರಣೆಗೆ ಈ ದೇಶದಲ್ಲಿ ದೊಡ್ಡ ದಾರಿ ತೆರೆದವರು ಪ್ರಕಾಶ್ ಸಿಂಗ್. ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು. ನಿವೃತ್ತಿಯ ಬಳಿಕ ಅವರು ಟಿಕೆಟ್ ಕೇಳಲಿಲ್ಲ, 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು: ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಅವಧಿ ಕೊಡಿ, ವರ್ಗಾವಣೆಯನ್ನು ಇಲಾಖೆಯದೇ ಮಂಡಳಿ ನಿರ್ಧರಿಸಲಿ. ಅದನ್ನು ಮನಃಪೂರ್ವಕ ಜಾರಿಗೆ ತರಬೇಕಾದವರು ರಾಜ್ಯ ಸರ್ಕಾರಗಳು, ಶಾಸನಸಭೆಗಳು. ಅಂದರೆ ಈಗ ಇವರು ಹೋಗಿ ಕೂರುವ ಜಾಗ.

ಹಾಗಾಗಿ ಶಾಸಕರಾದ ಪೊಲೀಸ್ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ. ಮೊದಲ ಅಧಿವೇಶನದ ಪ್ರಶ್ನೋತ್ತರದಲ್ಲಿ ಇದನ್ನು ಕೇಳಿ: "ನನ್ನ ಕ್ಷೇತ್ರದ ಪ್ರತಿ ಠಾಣೆಯಲ್ಲಿ ಕಳೆದ ಹತ್ತು ವರ್ಷದಲ್ಲಿ ಎಷ್ಟು ಇನ್ಸ್‌ಪೆಕ್ಟರ್‌ಗಳು ಬಂದು ಹೋದರು? ಎರಡು ವರ್ಷ ತುಂಬುವ ಮೊದಲೇ ಎತ್ತಂಗಡಿಯಾದವರು ಎಷ್ಟು? ಕಾರಣವೇನು?" ಉತ್ತರ ಸದನದ ಕಡತಕ್ಕೆ ಸೇರಲಿ.

ಅಪ್ಪ ನಿವೃತ್ತರಾಗುವ ಹೊತ್ತಿಗೆ ಆ ಫಲಕದಲ್ಲಿ ಜಾಗವೇ ಉಳಿದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಹೊಸ ಫಲಕ ಹೊಡೆದಿದ್ದರು.