ಮೊದಲು ಫ್ಯಾನ್ ಆಫ್ ಮಾಡಿ

ಮನೇಲಿ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡೋಕೆ ಹೊರಟ ಹುಡುಗರು ಇನ್‌ಬಾಕ್ಸ್‌ಗೆ ಬಂದು ಕೇಳೋದು ಒಂದೇ: "ಸಾರ್, ಯಾವ ಪ್ಲಗಿನ್ ತಗೊಳ್ಳಲಿ?" ಪ್ಲಗಿನ್ ಅಂದ್ರೆ ಕಂಪ್ಯೂಟರಿನಲ್ಲಿ ಗಿಟಾರಿನ ದನಿ ತಿದ್ದೋ ಸಾಫ್ಟ್‌ವೇರ್. ನನ್ನ ಉತ್ತರ ಯಾರಿಗೂ ರುಚಿಸಲ್ಲ. ಏನೂ ತಗೋಬೇಡಿ, ಮೊದಲು ಫ್ಯಾನ್ ಆಫ್ ಮಾಡಿ.

ತಮಾಷೆ ಅಲ್ಲ. ಗಿಟಾರ್ ತಂತಿಯ ಅಲುಗಾಟ ಹಿಡಿಯೋ ಪಿಕಪ್ ಅಂದ್ರೆ ಅಯಸ್ಕಾಂತದ ಮೇಲೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ನೀವು ಮೀಟಿದ್ದೂ ಅದಕ್ಕೆ ಕೇಳುತ್ತೆ, ಗೋಡೆಯೊಳಗಿನ ಕರೆಂಟೂ ಕೇಳುತ್ತೆ. ಹಳೇ ಬಾಡಿಗೆ ಮನೇಲಿ ಒಂದು ತಿಂಗಳು ನನ್ನ ರೆಕಾರ್ಡಿಂಗ್ ತುಂಬ ಬರೀ 'ಜರ್ರ್'. ಕೇಬಲ್ ಬದಲಾಯಿಸಿದೆ, ಜಾಕ್‌ಗೆ ಹೊಸದಾಗಿ ಸಾಲ್ಡರ್ ಹಾಕಿಸಿದೆ, ಗಿಟಾರನ್ನೇ ಮಾರೋಣ ಅಂದುಕೊಂಡೆ. ಒಂದು ರಾತ್ರಿ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಿತ್ತು, ಹೆಡ್‌ಫೋನ್ ಕಿವಿಯಲ್ಲೇ ಇತ್ತು. ಗಿಟಾರ್ ಸ್ವಚ್ಛ! ಕರೆಂಟ್ ಬಂದ ಮೇಲೆ ಒಂದೊಂದೇ ಸ್ವಿಚ್ ಒತ್ತಿ ನೋಡಿದೆ. ಫ್ಯಾನ್ ರೆಗ್ಯುಲೇಟರ್ ಎರಡರಲ್ಲಿಟ್ಟರೆ ಜರ್ರ್, ಐದರಲ್ಲಿಟ್ಟರೆ ಕಮ್ಮಿ, ಆಫ್ ಮಾಡಿದರೆ ಇಲ್ಲವೇ ಇಲ್ಲ. ಕರೆಂಟಿನ ಅಲೆಯನ್ನು ಕತ್ತರಿಸಿ ವೇಗ ಇಳಿಸೋ ರೆಗ್ಯುಲೇಟರಿನ ಕೆಲಸ ಅದು. ಉಳಿದಿದ್ದ ಸಣ್ಣ 'ಹುಂ' ಎರಡು ಪಿನ್ನಿನ ಚಾರ್ಜರ್ ಕಿತ್ತಾಗ ಹೋಯ್ತು. ಪಿಕಪ್ಪಿನಲ್ಲಿ ತಂತಿಯ ಸುರುಳಿ ಒಂದೇ ಇರೋ ಸಿಂಗಲ್ ಕಾಯಿಲ್ ಗಿಟಾರ್ ಇರೋರಿಗೆ ಈ ಕಾಟ ಜಾಸ್ತಿ. 1955ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನ ಸೆತ್ ಲವರ್ ಎರಡು ಕಾಯಿಲನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಹಂಬಕರ್ ಪಿಕಪ್ ಮಾಡಿದ್ದೇ ಈ 'ಹುಂ' ಕೊಲ್ಲೋಕೆ.

ಎರಡನೇದು, ಲ್ಯಾಪ್‌ಟಾಪಿನ ಮೈಕ್ ತೂತಿಗೆ ಗಿಟಾರ್ ಚುಚ್ಚಬೇಡಿ. ಬೆಂಗಳೂರಿನ ಎಸ್‌ಪಿ ರೋಡಿಂದ ಚಿಲ್ಲರೆ ದುಡ್ಡಿನ ಪಿನ್ ತಂದು ನಾನೂ ಚುಚ್ಚಿದವನೇ. ದನಿ ಕಂಬಳಿ ಹೊದ್ದ ಹಾಗೆ ಬಂತು. ಗಿಟಾರಿಗೆ ಸುಮಾರು 1 ಮೆಗಾಓಮ್, ಅಂದ್ರೆ ಹತ್ತು ಲಕ್ಷ ಓಮ್ ರೋಧ ಇರೋ ಇನ್‌ಪುಟ್ ಬೇಕು. ಮೈಕ್ ಜಾಕಿನಲ್ಲಿ ಇರೋದು ಕೆಲವೇ ಕಿಲೋಓಮ್, ಹೊಳಪೆಲ್ಲ ಅಲ್ಲೇ ಸಾಯುತ್ತೆ. ದುಡ್ಡು ಹಾಕಲೇಬೇಕು ಅಂದ್ರೆ 'ಇನ್‌ಸ್ಟ್ರುಮೆಂಟ್' ಇನ್‌ಪುಟ್ ಇರೋ ಆಡಿಯೋ ಇಂಟರ್‌ಫೇಸ್‌ಗೆ, ಅಂದ್ರೆ ಗಿಟಾರಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡೋ ಡಬ್ಬಿಗೆ ಹಾಕಿ.

ಪ್ಲಗಿನ್ನಿನ ಮಾತಿಗೆ ಬಂದರೆ, ಆಂಪ್ಲಿಫೈಯರಿನ ದನಿ ಅನುಕರಿಸೋ ನ್ಯೂರಲ್ ಆಂಪ್ ಮಾಡೆಲರ್ ಪುಕ್ಕಟೆ ಸಿಗುತ್ತೆ, ಸಾಕು. "ಡಿಸ್ಟಾರ್ಷನ್ ಹಾಕಿದರೆ ಡಬ್ಬಿಯಲ್ಲಿ ಜೇನುನೊಣ ಬಿಟ್ಟ ಹಾಗಿದೆ" ಅಂತ ಬೈಯೋರು ಕ್ಯಾಬಿನೆಟ್, ಅಂದ್ರೆ ಸ್ಪೀಕರ್ ಪೆಟ್ಟಿಗೆಯ ನಕಲು ಹಾಕೋದು ಮರೆತಿರ್ತಾರೆ. ಗಿಟಾರ್ ಸ್ಪೀಕರ್ 5000 ಹರ್ಟ್ಜ್ ದಾಟಿದ ಮೇಲೆ ಸದ್ದನ್ನು ಹೆಚ್ಚೂಕಮ್ಮಿ ನುಂಗಿಬಿಡುತ್ತೆ. ಆ ನುಂಗೋ ಗುಣವೇ ನಮ್ಮ ಕಿವಿಗೆ ಪರಿಚಯದ 'ಗಿಟಾರ್ ಟೋನ್'. ಆ ಸ್ಪೀಕರಿನ ಗುಣ ಹಿಡಿದಿಟ್ಟ ಒಂದು ಐಆರ್ ಫೈಲ್ ಹಾಕಿ, ಜೇನು ಹಾರಿಹೋಗುತ್ತೆ.

ಮೀಟಿದ್ದು ತಡವಾಗಿ ಕೇಳ್ತಿದ್ರೆ ಬಫರ್, ಅಂದ್ರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳೋ ಸದ್ದಿನ ತುಣುಕು, ಇಳಿಸಿ. 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್ ಅಂದ್ರೆ 21 ಮಿಲಿಸೆಕೆಂಡ್, 128 ಅಂದ್ರೆ ಮೂರಕ್ಕಿಂತ ಕಮ್ಮಿ. ರೆಕಾರ್ಡಿಂಗ್ ಲೆವೆಲ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇದ್ರೆ ಸಾಕು, ಕೆಂಪು ದೀಪ ಹತ್ತಿಸಿ ಯಾರೂ ಹೀರೋ ಆಗಲ್ಲ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕಾ? ಕಾಪಿ ಪೇಸ್ಟ್ ಮಾಡಿದರೆ ಸದ್ದು ಜೋರಾಗುತ್ತೆ ಅಷ್ಟೇ, ಅಗಲ ಆಗಲ್ಲ. ಎರಡು ಸಲ ನುಡಿಸಲೇಬೇಕು.

ಮೊನ್ನೆ ನಾನೂ ಎರಡನೇ ಸಲ ನುಡಿಸ್ತಿದ್ದೆ. ಬೆವರು ಕಿತ್ತು ಬರ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಈ ಸೆಕೇಲಿ ಫ್ಯಾನ್ ಆರಿಸ್ಕೊಂಡು ಕೂತಿದ್ದೀರಲ್ಲ, ತಲೆ ಕೆಟ್ಟಿದ್ಯಾ?" ಅಂತ ಗಟ್ಟಿಯಾಗೇ ಕೇಳಿ, ಸ್ವಿಚ್ ಹಾಕಿ ಹೋದಳು. ರಾತ್ರಿ ಟ್ರ್ಯಾಕ್ ಕೇಳಿದೆ. ಅವಳ ಮಾತು ಒಂದಕ್ಷರವೂ ಇಲ್ಲ. ಫ್ಯಾನ್ ಇದೆ.