ಸ್ಪಷ್ಟನೆ: ಸ್ಯಾಂಡಿ ಡೆನಿ ಅವರ ಆ ಹಾಡು ಕೊನೆಗಾಲದ್ದಲ್ಲ

ಬ್ರಿಟನ್ನಿನ ಫೋಕ್-ರಾಕ್ (ಜಾನಪದ ಮತ್ತು ರಾಕ್ ಬೆರೆತ ಸಂಗೀತ) ಗಾಯಕಿ ಸ್ಯಾಂಡಿ ಡೆನಿ ಅವರ ಮೊದಲ ಸೋಲೋ ಆಲ್ಬಂ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. 'ಹೂ ನೋಸ್ ವೇರ್ ದ ಟೈಮ್ ಗೋಸ್' (ಕಾಲ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು) ಇದೇ ಆಲ್ಬಂನ ಹಾಡು, ಸಾವು ಹತ್ತಿರ ಬಂದಾಗ ಬರೆದದ್ದು ಅಂತ ಅದರಲ್ಲಿದೆ. ಎರಡೂ ತಪ್ಪು.

ಈ ಹಾಡನ್ನು ಅವರು 1967ರಲ್ಲೇ ರೆಕಾರ್ಡ್ ಮಾಡಿದ್ದರು. ಆಗ ಅವರಿಗೆ 20 ವರ್ಷ. ಮರುವರ್ಷ ಅಮೆರಿಕದ ಜೂಡಿ ಕಾಲಿನ್ಸ್ ಇದನ್ನು ಹಾಡಿದರು, ತಮ್ಮ ಆಲ್ಬಂಗೂ ಇದೇ ಹೆಸರಿಟ್ಟರು. ಅದರಲ್ಲೂ ಹಾಡು ಬರೆದವರು ಸ್ಯಾಂಡಿ ಡೆನಿ ಎಂದೇ ಇದೆ. 1969ರಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ 'ಅನ್‌ಹಾಫ್‌ಬ್ರಿಕಿಂಗ್' ಆಲ್ಬಂನಲ್ಲಿ ಸ್ಯಾಂಡಿ ಅವರೇ ಹಾಡಿದ್ದು ಬಂತು. ಅವರು ತೀರಿಕೊಂಡದ್ದು 1978ರ ಏಪ್ರಿಲ್‌ನಲ್ಲಿ, 31ನೇ ವಯಸ್ಸಿಗೆ. ಮೊದಲ ರೆಕಾರ್ಡಿಂಗ್‌ಗೂ ಸಾವಿಗೂ ನಡುವೆ ಹತ್ತು ವರ್ಷಕ್ಕೂ ಜಾಸ್ತಿ ಅಂತರ ಇದೆ, ಅಲ್ವಾ?

ಮೊದಲ ಸೋಲೋ ಆಲ್ಬಂ 'ದ ನಾರ್ತ್ ಸ್ಟಾರ್ ಗ್ರಾಸ್‌ಮನ್ ಅಂಡ್ ದ ರೇವನ್ಸ್' ಬಂದದ್ದು 1971ರಲ್ಲಿ. ಅದರ ಹಾಡುಗಳ ಪಟ್ಟಿಯಲ್ಲಿ ಇದು ಇಲ್ಲವೇ ಇಲ್ಲ. ಅಲ್ಲಿರುವುದು 'ಲೇಟ್ ನವೆಂಬರ್', 'ಜಾನ್ ದ ಗನ್' ಥರದ ಹಾಡುಗಳು, ಜೊತೆಗೆ ರಿಚರ್ಡ್ ಥಾಂಪ್ಸನ್ ಅವರ ಗಿಟಾರ್. ಐವತ್ತು ವರ್ಷ ದಾಟಿದ ಮೇಲೆ ಕೇಳಿದರೂ ಆ ದನಿ ಸವೆದಿಲ್ಲ. ಅದನ್ನು ಮೆಚ್ಚಲು ಸಾವಿನ ಕಥೆ ಬೇಕಾಗಿಲ್ಲ. 20ರ ಹುಡುಗಿಯೊಬ್ಬಳು ಕಾಲದ ಬಗ್ಗೆ ಹಾಗೆ ಬರೆದಳು ಅನ್ನುವುದೇ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.